ಕೂಸಿಗೂ ಮೊದಲು ಬಂದ ಕುಲಾವಿ

‘ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಚುನಾವಣೆಯ ಮತ ಎಣಿಕೆ ಮುಗಿಯುವ ಮುನ್ನವೇ ಮಂತ್ರಿಮಂಡಲ ರಚಿಸಲು ಹೊರಟವರನ್ನು ಕಂಡಾಗ, ಮಳೆ ಬೀಳುವ ಮೊದಲೇ ಬೆಳೆಯ ಲಾಭ ಎಣಿಸುವವರನ್ನು ಕಂಡಾಗ ಈ ಗಾದೆ ತಾನಾಗಿ ನಾಲಿಗೆಯ ಮೇಲೆ ಬರುತ್ತದೆ. ಆದರೆ ಕುಲಾವಿ ಎಂದರೇನು, ಅದನ್ನು ಯಾರು ಯಾರಿಗಾಗಿ ಹೊಲಿಯುತ್ತಿದ್ದರು, ಮೊದಲೇ ಹೊಲಿದರೆ ತಪ್ಪೇನು ಎಂದು ಕೇಳಿದರೆ ಇಂದಿನ ಹಲವರು ತಡವರಿಸುತ್ತಾರೆ. ಗಾದೆ ಉಳಿದಿದೆ, ವಸ್ತು ಮಾತ್ರ ಕಣ್ಮರೆಯಾಗುತ್ತಿದೆ.

ಕುಲಾವಿ ಎಂದರೆ ಹಸುಗೂಸಿನ ತಲೆಗೆ ಹಾಕುವ ಬಟ್ಟೆಯ ಟೊಪ್ಪಿಗೆ. ಅದರ ಜೊತೆಗಾತಿ ಕುಂಚಿಗೆ. ತಲೆಯನ್ನು ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಉಡುಪು. ಇವೆರಡರ ಹಿಂದೆಯೇ ಬರುವುದು ಕೌದಿ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಹೊದಿಕೆ. ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಬಾಣಂತನ ಮುಗಿಸಿ ಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ತೊಟ್ಟಿಲಿನ ಜೊತೆ ಹೋಗುತ್ತಿದ್ದ ಉಡುಗೊರೆಗಳಲ್ಲಿ ಈ ಮೂರಕ್ಕೂ ಸ್ಥಾನವಿತ್ತು. ಅಂಗಡಿಯಲ್ಲಿ ಕೊಂಡದ್ದಲ್ಲ, ಮನೆಯ ಹೆಂಗಸರು ಕೈಯಾರೆ ಹೊಲಿದದ್ದು.

ಬಟ್ಟೆಯ ಸೀಮೆ

ಈ ಉಡುಗೊರೆಯ ಕಥೆಯನ್ನು ಹೇಳಲು ಬಾಗಲಕೋಟೆ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗಲಾರದು. ಕೃಷ್ಣೆಯ ದಂಡೆಯ ಗಲಗಲಿ, ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಈ ಪ್ರದೇಶ ಮೊದಲಿನಿಂದಲೂ ನೂಲಿಗೂ ನೇಯ್ಗೆಗೂ ಹೆಸರಾದದ್ದು. ರಬಕವಿ-ಬನಹಟ್ಟಿ ಅವಳಿ ಊರುಗಳು ಸೀರೆ ನೇಯ್ಗೆಯಿಂದಲೇ ಬದುಕು ಕಟ್ಟಿಕೊಂಡವು. ಇದೇ ಜಿಲ್ಲೆಯ ಇಳಕಲ್ಲು ಸೀರೆಗೆ, ಗುಳೇದಗುಡ್ಡ ಖಣಕ್ಕೆ ನಾಡಿನಾಚೆಗೂ ಹೆಸರಿದೆ. 1884ರಲ್ಲಿ ಪ್ರಕಟವಾದ ಬಾಂಬೆ ಗೆಜೆಟಿಯರಿನ ಬಿಜಾಪುರ ಸಂಪುಟದಲ್ಲಿ ಈ ಭಾಗದ ನೇಕಾರಿಕೆಯ ವಿವರಗಳಿವೆ.

ಗಲಗಲಿಯ ಹೆಸರನ್ನು ಬಹುಮಂದಿ ಕೇಳಿರುವುದು ದಾಸ ಸಾಹಿತ್ಯದ ಮೂಲಕ. ಹರಿದಾಸ ಪರಂಪರೆಯ ಹಾಡುಗಾರ್ತಿಯರಲ್ಲಿ ಪ್ರಮುಖಳಾದ ಗಲಗಲಿ ಅವ್ವನ ಹೆಸರಿನೊಂದಿಗೆ ಈ ಊರು ಬೆರೆತುಹೋಗಿದೆ. ಹೆಂಗಸರ ಹಾಡಿಗೆ ಹೆಸರು ಉಳಿಯಿತು, ಅದೇ ಮನೆಗಳ ಪಡಸಾಲೆಗಳಲ್ಲಿ ಕುಳಿತು ಹೊಲಿದ ಹೆಂಗಸರ ಕೈಗೆಲಸಕ್ಕೆ ಹೆಸರು ಉಳಿಯಲಿಲ್ಲ. ಹಾಡು ಬಾಯಿಂದ ಬಾಯಿಗೆ ಸಾಗುತ್ತದೆ. ಬಟ್ಟೆ ಸವೆದು ಹರಿಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯುರೋಪು, ಅಮೆರಿಕಗಳಲ್ಲಿ ಮನೆಯಲ್ಲಿ ಹೊಲಿದು ಕೊಡುವ ಉಡುಗೊರೆ ಎಂದರೆ ಥಟ್ಟನೆ ನೆನಪಾಗುವ ವಸ್ತುಗಳಲ್ಲಿ ಏಪ್ರನ್ ಒಂದು. ಅಡುಗೆ ಮಾಡುವಾಗ ಮುಂಭಾಗಕ್ಕೆ ಕಟ್ಟಿಕೊಳ್ಳುವ ಬಟ್ಟೆ. ನಮ್ಮ ಅಡುಗೆಮನೆಗಳಿಗೆ ಅದರ ಅಗತ್ಯ ಬೀಳಲಿಲ್ಲ. ಕೈ ಒರೆಸಲು, ಬಿಸಿ ಪಾತ್ರೆ ಹಿಡಿಯಲು ಸೀರೆಯ ಸೆರಗೇ ಸಾಕಾಗುತ್ತಿತ್ತು. ಹೊಲದಲ್ಲಿ ಹತ್ತಿ ಬಿಡಿಸುವಾಗ ಅದೇ ಸೀರೆಯನ್ನು ಮುಂದಕ್ಕೆ ಎತ್ತಿ ಕಟ್ಟಿದರೆ ಅದು ಉಡಿ. ಈ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊನೆ, ಖಣ ಹಾಕಿ ಹರಸುವುದೇ ‘ಉಡಿ ತುಂಬುವುದು’. ಅಂದರೆ ಕೆಲಸದ ಬಟ್ಟೆಯೇ ಇಲ್ಲಿ ಉಡುಗೊರೆಯನ್ನು ಪಡೆಯುವ ಪಾತ್ರೆಯೂ ಆಯಿತು. ಹೊಲಿದ ಉಡುಗೊರೆಯ ಸರದಿ ಬಂದದ್ದು ಕೂಸಿನ ಹೊತ್ತಿಗೆ.

ಕುಬಸದಿಂದ ಕುಂಚಿಗೆವರೆಗೆ

ಉತ್ತರ ಕರ್ನಾಟಕದಲ್ಲಿ ಬಸುರಿಗೆ ಮಾಡುವ ಸೀಮಂತಕ್ಕೆ ‘ಕುಬಸ ಮಾಡುವುದು’ ಎನ್ನುತ್ತಾರೆ. ಕುಬಸವೆಂದರೆ ರವಿಕೆ. ಸಂಸ್ಕೃತದ ಕೂರ್ಪಾಸ ಕನ್ನಡದಲ್ಲಿ ಕುಪ್ಪಸವಾಯಿತು, ಅದೇ ಆಡುಮಾತಿನಲ್ಲಿ ಕುಬಸ, ಕುಬುಸ. ಒಂದು ಸಂಸ್ಕಾರಕ್ಕೆ ಉಡುಪಿನ ಹೆಸರೇ ಬಂದಿರುವುದು, ಈ ಸೀಮೆಯಲ್ಲಿ ಬಟ್ಟೆ ಕೊಡುವುದಕ್ಕೆ ಎಷ್ಟು ಬೆಲೆಯಿತ್ತು ಎಂಬುದನ್ನು ತೋರಿಸುತ್ತದೆ. ಹಸಿರು ಸೀರೆ ಉಡಿಸಿ, ಖಣ ಕೊಟ್ಟು, ಉಡಿ ತುಂಬಿ ಹರಸುತ್ತಾರೆ. ಆ ದಿನದ ಬಟ್ಟೆಯೆಲ್ಲ ತಾಯಿಯದು. ಕೂಸಿನ ಬಟ್ಟೆಯ ಮಾತು ಅಲ್ಲಿ ಬರುವುದಿಲ್ಲ.

ಕೂಸಿನ ಕುಂಚಿಗೆಗೆ ಬಳಸುವುದು ಹೆಚ್ಚಾಗಿ ಖಣವನ್ನೇ. ಖಣವೆಂಬುದು ರವಿಕೆಗೆಂದೇ ನೇಯುವ ಕಡಿಮೆ ಅಗಲದ ಬಟ್ಟೆ. ಎರಡೂ ಬದಿಗೆ ಅಂಚು, ನಡುವೆ ಒತ್ತಾದ ಚಿಕ್ಕ ಚಿಕ್ಕ ವಿನ್ಯಾಸ. ಹಾಸಿನ ಎಳೆಗಳ ಜೊತೆಗೆ ಹೆಚ್ಚುವರಿ ಎಳೆಗಳನ್ನು ಕೂಡಿಸಿ ಈ ಚಿತ್ತಾರವನ್ನು ಮಗ್ಗದಲ್ಲೇ ಮೂಡಿಸುತ್ತಾರೆ; ತೇರು, ತುಳಸಿ ಎಲೆ, ಸೂಜಿ ಮಲ್ಲಿಗೆ, ಆನೆ ಹೆಜ್ಜೆ ಹೀಗೆ ಅವುಗಳಿಗೆ ಹೆಸರುಗಳುಂಟು. ಖಣದ ಅಗಲ ಕಡಿಮೆಯಾದ್ದರಿಂದ ಕೂಸಿನ ಅಳತೆಗೆ ಅದನ್ನು ಹೆಚ್ಚು ಕತ್ತರಿಸಬೇಕಾಗಿಲ್ಲ. ತುಂಡನ್ನು ಮಡಚಿ, ಮೇಲಿನ ಭಾಗವನ್ನು ಹಿಂದೆ ಕೂಡಿಸಿ ಹೊಲಿದರೆ ತಲೆಗೆ ಮುಸುಕಾಗುತ್ತದೆ. ಉಳಿದದ್ದು ಬೆನ್ನ ಮೇಲೆ ಇಳಿಯುತ್ತದೆ. ಖಣದ ಅಂಚು ಮುಖದ ಸುತ್ತ ಚೌಕಟ್ಟಿನಂತೆ ಕೂಡುತ್ತದೆ. ಒಳಗೆ ಮೆತ್ತನೆಯ ಹಳೆಯ ಧೋತರದ ಅಸ್ತರ, ಕೊರಳ ಬಳಿ ಕಟ್ಟಲು ಎರಡು ಕಸೆ. ಕೈ ಬಂದವರು ಗೊಂಡೆ, ಮಣಿ ಕೂಡಿಸುತ್ತಾರೆ. ಮನೆಯಿಂದ ಮನೆಗೆ ಈ ಪದ್ಧತಿ ತುಸು ಬದಲಾಗುತ್ತದೆ, ಆದರೆ ತತ್ವ ಒಂದೇ: ಬಟ್ಟೆ ಪೋಲಾಗಬಾರದು, ಹೊಲಿಗೆ ಮೈಗೆ ಒತ್ತಬಾರದು.

ಕುಂಚಿಗೆ, ಕುಲಾವಿಗಳ ಮೇಲೆ ಕಸೂತಿ ಹಾಕುವುದೂ ಹಳೆಯ ರೂಢಿ. ಧಾರವಾಡ, ಬೆಳಗಾವಿ, ಬಿಜಾಪುರ ಸೀಮೆಯ ಈ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮುಖದಲ್ಲಿ ಚಿತ್ತಾರ ಒಂದೇ ತೆರನಾಗಿ ಕಾಣಿಸುತ್ತದೆ. ಹಿಂದೆ ಗಂಟಿಲ್ಲದ ಈ ಹೊಲಿಗೆ ಕೂಸಿನ ಬಟ್ಟೆಗೆ ಹೇಳಿ ಮಾಡಿಸಿದಂತಿದೆ. ಗೋಪುರ, ತೇರು, ತುಳಸಿ ಕಟ್ಟೆ, ಆನೆ, ತೊಟ್ಟಿಲು ಇದರ ಸಾಮಾನ್ಯ ಚಿತ್ರಗಳು. ಊರ ಜಾತ್ರೆಯಲ್ಲಿ ಕಂಡದ್ದೇ ಕೂಸಿನ ತಲೆಯ ಮೇಲೆ ಬಂದು ಕೂರುತ್ತಿತ್ತು ಎನ್ನಬಹುದು.

ಸೂಜಿ ಹೊರಗಿನದೇ?

ನಮ್ಮಲ್ಲಿ ಉಡುವುದು ಮಾತ್ರ ಇತ್ತು, ಹೊಲಿದು ತೊಡುವುದು ಮುಸಲ್ಮಾನ ಅರಸರ ಕಾಲದಲ್ಲಿ ಬಂತು ಎಂಬ ಒಂದು ತಿಳಿವಳಿಕೆ ಇದೆ. ಅದು ಅರ್ಧ ಸತ್ಯ. ‘ಹೊಲಿ’ ಎಂಬುದು ಅಚ್ಚಗನ್ನಡದ ಕ್ರಿಯಾಪದ. ಹೊಲಿಗೆಯವನಿಗೆ ಚಿಪ್ಪಿಗ, ಸಿಂಪಿಗ ಎಂಬ ಹೆಸರುಗಳು ಕನ್ನಡದಲ್ಲಿವೆ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ. ನೇಯ್ಗೆಯ ಜೇಡರ ದಾಸಿಮಯ್ಯ, ನೂಲುವ ಕದಿರ ರೆಮ್ಮವ್ವೆ ಇವರ ಸಾಲಿನಲ್ಲಿ ಸೂಜಿಯವನಿಗೂ ಗೌರವದ ಸ್ಥಾನ ದೊರೆತಿತ್ತು. ಆ ಶರಣ ಚಳವಳಿಯ ನೆನಪು ಹೊತ್ತ ಕೂಡಲಸಂಗಮ ಇದೇ ಜಿಲ್ಲೆಯಲ್ಲಿ, ಇದೇ ಕೃಷ್ಣೆ ಮಲಪ್ರಭೆಯನ್ನು ಕೂಡುವಲ್ಲಿ ಇದೆ.

ಹಾಗೆಂದು ಹೊರಗಿನ ಪ್ರಭಾವ ಇಲ್ಲವೆಂದಲ್ಲ. 1490ರಿಂದ 1686ರವರೆಗೆ ಬಿಜಾಪುರವನ್ನು ಆಳಿದ ಆದಿಲಶಾಹಿಗಳ ಆಸ್ಥಾನದಲ್ಲಿ ಪಾರ್ಸಿ ಭಾಷೆಗೆ ದೊಡ್ಡ ಸ್ಥಾನವಿತ್ತು. ರುಮಾಲು, ಶಾಲು, ಪಾಯಿಜಾಮ, ದರ್ಜಿ, ಅಸ್ತರ ಎಲ್ಲವೂ ಪಾರ್ಸಿ ಮೂಲದ ಮಾತುಗಳು. ಕುಲಾವಿಯೂ ಅವುಗಳ ಪೈಕಿ ಒಂದು. ಪಾರ್ಸಿಯಲ್ಲಿ ‘ಕುಲಾಹ್’ ಎಂದರೆ ಟೊಪ್ಪಿಗೆ. ದರಬಾರಿನ ಸರದಾರರ ತಲೆಯ ಮೇಲಿದ್ದ ಮಾತು ಕನ್ನಡದ ತೊಟ್ಟಿಲಿಗೆ ಬಂದು, ಕೊನೆಗೆ ಅಪ್ಪಟ ಕನ್ನಡ ಗಾದೆಯೊಳಗೆ ಸೇರಿಹೋಯಿತು. ಇನ್ನು ಕುಂಚಿಯಂತೂ ಗಡಿಯ ಆಚೆ ಈಚೆ ಎಂದು ನೋಡುವುದಿಲ್ಲ. ಮರಾಠಿ ಮನೆಗಳಲ್ಲೂ ಖಣದ ಕುಂಚಿಯೇ. 1948ರವರೆಗೆ ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳಿದರೆಂಬುದನ್ನು, 1956ರವರೆಗೆ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ಗಾದೆಯ ಹಿಂದಿನ ಭಯ

ಇನ್ನು ಮೂಲ ಪ್ರಶ್ನೆಗೆ ಬರೋಣ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಏಕೆ ನಗೆಗೀಡಾಯಿತು?

ನಾವು ಈ ಗಾದೆಯನ್ನು ಆತುರಗಾರರ ಗೇಲಿಗೆ ಬಳಸುತ್ತೇವೆ. ಆದರೆ ಹೆಣ್ಣುಮಕ್ಕಳ ಲೋಕದಲ್ಲಿ ಅದರ ಅರ್ಥ ಗೇಲಿಗಿಂತ ಎಚ್ಚರಿಕೆಗೆ ಹತ್ತಿರವಾದದ್ದು. ಹೆರಿಗೆಗೆ ಮೊದಲು ಕೂಸಿಗೆಂದು ಹೊಸ ಬಟ್ಟೆ ಸಿದ್ಧಮಾಡಿ ಇಡಬಾರದೆಂಬ ನಂಬಿಕೆ ಕರ್ನಾಟಕದ ಅನೇಕ ಮನೆಗಳಲ್ಲಿ ಈಗಲೂ ಇದೆ. ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಹಳೆಯ ಸೀರೆಯಲ್ಲಿ, ಹಳೆಯ ಧೋತರದಲ್ಲಿ. ಹೊಸ ಬಟ್ಟೆಯ ಮಾತು ಆಮೇಲಿನದು. ಬರಲಿರುವ ಜೀವದ ಮೇಲೆ ಮುಂಚಿತವಾಗಿ ಹಕ್ಕು ಸಾಧಿಸಿದಂತೆ ಕಾಣಬಾರದು ಎಂಬ ಅಳುಕು ಅದು.

ಅಳುಕಿಗೆ ಕಾರಣವೂ ಇತ್ತು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ ಸುಮಾರು 200 ಕೂಸುಗಳು ಮೊದಲ ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಐದು ತೊಟ್ಟಿಲುಗಳಲ್ಲಿ ಒಂದು ಬರಿದಾಗುತ್ತಿತ್ತು ಎಂದರೆ ಲೆಕ್ಕ ಸ್ಪಷ್ಟವಾದೀತು. ಈ ಸೀಮೆ ಬರದ ಹೊಡೆತವನ್ನೂ ಉಂಡಿದೆ. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಆಗಿನ ಕಲಾದಗಿ ಜಿಲ್ಲೆ ನಲುಗಿಹೋಯಿತು. (ಜಿಲ್ಲೆಯ ಕೇಂದ್ರ ಬಿಜಾಪುರಕ್ಕೆ ಹೋದದ್ದು 1885ರಲ್ಲಿ.) 1872ರಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 6 ಲಕ್ಷ 40 ಸಾವಿರದ ಆಸುಪಾಸಿಗೆ ಇಳಿದಿತ್ತು. ಇಂಥ ಕಾಲದಲ್ಲಿ ಹೊಲಿದಿಟ್ಟ ಕುಲಾವಿಗೆ ತಲೆಯೇ ಇಲ್ಲದೆ ಹೋದರೆ ಅದನ್ನು ಪೆಟ್ಟಿಗೆಯಲ್ಲಿ ಎತ್ತಿಡುವ ತಾಯಿಯ ಪಾಡೇನು? ಗಾದೆಯ ಬೇರು ಈ ನೋವಿನಲ್ಲಿ ಇದ್ದೀತು.

ಇಂದು ಪರಿಸ್ಥಿತಿ ಬದಲಾಗಿದೆ. 2020ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಶಿಶುಮರಣ ಪ್ರಮಾಣ ಭಾರತದಲ್ಲಿ ಸಾವಿರಕ್ಕೆ 28, ಕರ್ನಾಟಕದಲ್ಲಿ 19. ಇನ್ನೊಂದು ಸ್ವಾರಸ್ಯವೂ ಇದೆ. ಹುಟ್ಟಿದ ಕೂಸನ್ನು ಕೂಡಲೇ ಒರೆಸಿ ತಾಯಿಯ ಮೈಗೆ ಹಚ್ಚಿ ಮಲಗಿಸಬೇಕು, ತಲೆಗೆ ಟೊಪ್ಪಿಗೆ ಹಾಕಬೇಕು, 24 ಗಂಟೆಯವರೆಗೆ ಸ್ನಾನ ಮಾಡಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು. ಮೈಶಾಖ ಅಲ್ಲಿಂದ ಬೇಗ ಸೋರಿಹೋಗುತ್ತದೆ. ಆದ್ದರಿಂದ ಕೂಸು ಹುಟ್ಟುವ ಮೊದಲೇ ಕುಲಾವಿ ಸಿದ್ಧವಿರುವುದು ಈಗ ಮೂರ್ಖತನವಲ್ಲ, ಜಾಣತನ. ಹೆರಿಗೆ ಕೋಣೆಯ ವೈದ್ಯರು ಗಾದೆಯನ್ನು ತಿರುವುಮುರುವು ಮಾಡಿದ್ದಾರೆ. ಹಳೆಯ ಬಟ್ಟೆಯ ಪದ್ಧತಿಯಲ್ಲೂ ತಿರುಳಿದೆ: ಹಲವು ಸಲ ಒಗೆದ ಹತ್ತಿ ಬಟ್ಟೆಯಲ್ಲಿ ಗಂಜಿ ಇರುವುದಿಲ್ಲ, ಮೆತ್ತಗಿರುತ್ತದೆ, ತೇವ ಹೀರುತ್ತದೆ. ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿರಬೇಕು, ಅಷ್ಟೆ.

ಕೌದಿಯ ಲೆಕ್ಕ

ಕುಂಚಿಗೆ ಹೊಸ ಬಟ್ಟೆಯದಾದರೆ ಕೌದಿ ಹಳೆಯದರದು. ಅಜ್ಜಿಯ ಇಳಕಲ್ಲು ಸೀರೆ, ಅಜ್ಜನ ಧೋತರ, ಅಪ್ಪನ ಹರಿದ ಅಂಗಿ, ಮಕ್ಕಳ ಲಂಗದ ತುಂಡು ಎಲ್ಲವನ್ನೂ ಹಾಸಿ, ಮೇಲೆ ಬಣ್ಣದ ತೇಪೆ ಜೋಡಿಸಿ, ಸಾಲು ಸಾಲಾಗಿ ದಾರ ಓಡಿಸುತ್ತಾರೆ. ಕೂಸಿನ ಕೌದಿ ಚಿಕ್ಕದು. ಮನೆಯಲ್ಲಿ ಕೈ ಸಾಲದಿದ್ದರೆ ಹೊಲಿಯುವವರನ್ನು ಕರೆಸುವುದುಂಟು. ಗೊಂದಳಿ ಸಮುದಾಯದ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಕೌದಿ ಹೊಲಿದುಕೊಡುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಗಳಂತೂ ಈಗ ವಿದೇಶಗಳಲ್ಲೂ ಪ್ರದರ್ಶನ ಕಂಡಿವೆ. ಅವರು ಅಂಚಿನಿಂದ ಆರಂಭಿಸಿ ನಡುವಿನತ್ತ ಹೊಲಿಯುತ್ತ ಹೋಗುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ‘ಫೂಲ’ ಇಡದಿದ್ದರೆ ಕೌದಿ ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಬೆಚ್ಚಗಿಡುವ ಕೆಲಸಕ್ಕೆ ಆ ಹೂವು ಬೇಕಿಲ್ಲ. ಆದರೂ ಬೇಕೇ ಬೇಕು.

ಹೊಲಿದ ಹೊದಿಕೆ ಎಷ್ಟು ದೊಡ್ಡ ಮಾತಾಡಬಲ್ಲದು ಎಂಬುದಕ್ಕೆ ಇದೇ ಉತ್ತರ ಕರ್ನಾಟಕದ ಒಂದು ನಿದರ್ಶನವಿದೆ. ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರು, ತಮಗೆ ನೆರವಾದ ಸುಧಾ ಮೂರ್ತಿಯವರಿಗೆ ಒಬ್ಬೊಬ್ಬರು ಒಂದೊಂದು ಹೊಲಿಗೆ ಹಾಕಿದ ಹೊದಿಕೆಯನ್ನು ಕಾಣಿಕೆಯಾಗಿ ಕೊಟ್ಟರು. 2017ರಲ್ಲಿ ಪ್ರಕಟವಾದ ಅವರ ‘ತ್ರೀ ಥೌಸಂಡ್ ಸ್ಟಿಚಸ್’ ಪುಸ್ತಕಕ್ಕೆ ಆ ಮೂರು ಸಾವಿರ ಹೊಲಿಗೆಗಳಿಂದಲೇ ಹೆಸರು ಬಂತು. ಕೊಡಲು ಹಣವಿಲ್ಲದವರ ಬಳಿಯೂ ಒಂದು ಹೊಲಿಗೆ ಇರುತ್ತದೆ.

ಈ ಮಾತು ತವರಿನ ಉಡುಗೊರೆಗೂ ಸಲ್ಲುತ್ತದೆ. ಚೊಚ್ಚಲ ಬಾಣಂತನ ತವರಿನವರ ಹೊಣೆ. ಮಗಳನ್ನು ಕಳಿಸಿಕೊಡುವಾಗ ಏನು ಕೊಟ್ಟರು ಎಂದು ಬೀಗರೂ ಓಣಿಯವರೂ ನೋಡುತ್ತಾರೆ. ತೊಟ್ಟಿಲು, ಬೆಳ್ಳಿ ಕಡಗ, ಉಡುದಾರ ಎಂದು ಪಟ್ಟಿ ಬೆಳೆದಂತೆಲ್ಲ ಬಡ ತಂದೆ ಸಾಲಗಾರನಾಗುತ್ತಾನೆ. ಈ ಪಟ್ಟಿಯಲ್ಲಿ ದುಡ್ಡಿನಿಂದ ಅಳೆಯಲಾಗದ ವಸ್ತುಗಳೆಂದರೆ ಕುಂಚಿಗೆ, ಕುಲಾವಿ, ಕೌದಿ. ಒಂದು ತುಂಡು ಖಣ, ಮನೆಯ ಹಳೆಯ ಬಟ್ಟೆ, ಸೂಜಿದಾರ, ಹಲವು ಮಧ್ಯಾಹ್ನಗಳು ಇಷ್ಟಿದ್ದರೆ ಸಾಕು. ಬಡವರ ಮನೆಯ ಕಸೂತಿ ಸಿರಿವಂತರ ಮನೆಯ ಕಸೂತಿಗಿಂತ ಚೆಲುವಾಗಿರಲು ಅಡ್ಡಿಯಿರಲಿಲ್ಲ. ಕೈಗೆಲಸವು ಮಗಳ ಮಾನವನ್ನೂ ತವರಿನ ಮಾನವನ್ನೂ ಕಾಯುತ್ತಿತ್ತು.

ಆದರೆ ಇದನ್ನು ಬರಿಯ ಸೊಗಸಾಗಿ ನೋಡುವುದೂ ಸರಿಯಲ್ಲ. ಆ ಮಧ್ಯಾಹ್ನಗಳು ಹೆಂಗಸರ ಬಿಡುವಿನ ಸಮಯವಾಗಿದ್ದವು. ಹೊಲ, ಮನೆ, ಅಡುಗೆ ಮುಗಿಸಿ ಉಳಿದ ಹೊತ್ತಿನಲ್ಲಿ, ಕಂದೀಲಿನ ಬೆಳಕಿನಲ್ಲಿ ಕಣ್ಣು ಕಿರಿದುಮಾಡಿ ಹೊಲಿದದ್ದು ಅದು. ಕೂಲಿ ಇಲ್ಲದ್ದಕ್ಕೇ ಅದು ಅಗ್ಗವಾಗಿ ಕಂಡಿತು. ಇಂದಿನ ಹೆಣ್ಣುಮಗಳು ಆ ಹೊತ್ತನ್ನು ಓದಿಗೋ ನೌಕರಿಗೋ ನಿದ್ದೆಗೋ ಕೊಟ್ಟರೆ ಆಕೆಯನ್ನು ದೂರುವ ಅಧಿಕಾರ ಯಾರಿಗೂ ಇಲ್ಲ.

ಯಂತ್ರ ಬಂದ ಮೇಲೆ

ಐಸಾಕ್ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಯಂತ್ರಗಳ ಬಗ್ಗೆ ಬಿಗಿ ನಿಲುವು ತಳೆದಿದ್ದ ಗಾಂಧೀಜಿ, ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ 1924ರಲ್ಲೇ, ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದನೆಂಬುದು ಅವರು ಕೊಟ್ಟ ಕಾರಣ. ಸ್ವಾತಂತ್ರ್ಯದ ನಂತರ ಉಷಾ ಯಂತ್ರಗಳು ಊರೂರು ಸೇರಿದವು. ಯಂತ್ರ ಬಂದದ್ದರಿಂದ ಕುಂಚಿಗೆ ಸಾಯಲಿಲ್ಲ, ಬೇಗ ಸಿದ್ಧವಾಗತೊಡಗಿತು. ಅದನ್ನು ಹಿಂದೆ ಸರಿಸಿದ್ದು ಸಿದ್ಧ ಉಡುಪು. ಉಣ್ಣೆಯ ಟೋಪಿ, ಪಾಲಿಯೆಸ್ಟರ್ ಹೊದಿಕೆ, ಪ್ಲಾಸ್ಟಿಕ್ ಹೊದಿಸಿದ ಉಡುಗೊರೆ ಪೆಟ್ಟಿಗೆ ಸಂತೆಯಲ್ಲೂ ಸಿಗುವಂತಾಯಿತು. ಇದರೊಡನೆ ಉಡುಗೊರೆಗೆ ಬೆಲೆಯ ಚೀಟಿಯೂ ಅಂಟಿಕೊಂಡಿತು. ಕೈಗೆಲಸದ ಹೋಲಿಕೆ ಹೋಗಿ ದುಡ್ಡಿನ ಹೋಲಿಕೆ ಉಳಿಯಿತು. ಈ ಕಥೆಯ ನಿಜವಾದ ನಷ್ಟ ಇಲ್ಲಿದೆ.

ಸೀರೆಯ ಜೊತೆಗೆ ಹೊಂದುವ ರವಿಕೆ ತುಂಡು ಬರತೊಡಗಿದ ಮೇಲೆ ಖಣದ ನೇಕಾರರ ಪೇಟೆಯೂ ಕುಗ್ಗಿತು. 1999ರಲ್ಲಿ ರೂಪುಗೊಂಡು 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಇಳಕಲ್ಲು ಸೀರೆ, ಕಸೂತಿ, ಗುಳೇದಗುಡ್ಡ ಖಣ ಮೂರಕ್ಕೂ ಮಾನ್ಯತೆ ದೊರೆತಿದೆ. ಹೆಸರಿಗೆ ರಕ್ಷಣೆ ಸಿಕ್ಕಿತು. ಆದರೆ ಬಟ್ಟೆಗೆ ಬಳಕೆ ಬೇಕು. ಖಣದ ಚೀಲ, ಖಣದ ದಿಂಬಿನ ಗವಸು, ಅಡುಗೆಮನೆಗೆ ಖಣದ ಏಪ್ರನ್ ಕೂಡ ಈಗ ನಗರಗಳಲ್ಲಿ ಮಾರಾಟವಾಗುತ್ತವೆ. ಒಂದು ಕುಂಚಿಗೆಗೆ ಬೇಕಾದ ಖಣ ಅತ್ಯಲ್ಪ. ಆದರೂ ಕೂಸು ಹುಟ್ಟಿದ ಪ್ರತಿ ಮನೆ ಒಂದೊಂದು ತುಂಡು ಕೊಂಡರೂ ಮಗ್ಗಕ್ಕೆ ಅದು ಆಸರೆಯೇ.

ಕೃಷ್ಣಾ ತೀರದ ಜನರಿಗೆ ಇನ್ನೊಂದು ಅನುಭವವೂ ಇದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗವೂ ಬೀಳಗಿ ತಾಲ್ಲೂಕಿನ ಹಳ್ಳಿಗಳೂ ಸೇರಿದಂತೆ ಅನೇಕ ನೆಲೆಗಳು ಮುಳುಗಿದವು. ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಅವಕಾಶ ಕೊಟ್ಟಿದೆ. ಮನೆ ಬಿಟ್ಟು ಹೊರಡುವವರು ಗೋಡೆಯನ್ನು ಒಯ್ಯಲಾರರು, ಬೇವಿನ ಮರವನ್ನು ಒಯ್ಯಲಾರರು. ಕೌದಿಯನ್ನು ಮಡಚಿ ಒಯ್ಯಬಹುದು. ಅದರಲ್ಲಿ ಮುಳುಗಿದ ಮನೆಯ ಮೂರು ತಲೆಮಾರುಗಳ ಬಟ್ಟೆ ಇರುತ್ತದೆ.

ಕುಂಚಿಗೆ ಹೊಲಿಯಲು ಇಂದು ಯಾರೂ ಇಡೀ ಬೇಸಿಗೆಯನ್ನು ಕಳೆಯಬೇಕಿಲ್ಲ. ಸೂಜಿ ಹಿಡಿಯಬಲ್ಲ ಯಾರೇ ಆದರೂ, ಗಂಡಸರೂ, ಎರಡು ಸಂಜೆಯಲ್ಲಿ ಅದನ್ನು ಮುಗಿಸಬಹುದು. ಅಳತೆ ತುಸು ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ಕೂಸು ಆಕ್ಷೇಪಿಸುವುದಿಲ್ಲ, ಬಲುಬೇಗ ಬೆಳೆದುಬಿಡುತ್ತದೆ. ಕಸೆ ಮಾತ್ರ ಗಿಡ್ಡವಾಗಿರಲಿ, ಮಣಿ ಗುಂಡಿಗಳು ಕೂಸಿನ ಬಾಯಿಗೆ ಸಿಗದಿರಲಿ, ಮಲಗಿಸುವಾಗ ಬಿಚ್ಚಿಡಲಿ. ಕೂಸು ಹುಟ್ಟುವ ಮೊದಲೇ ಹೊಲಿಯಬೇಕೋ, ಹುಟ್ಟಿದ ಮೇಲೆ ಹೊಲಿಯಬೇಕೋ ಎಂಬುದನ್ನು ಆಯಾ ಮನೆಯ ಅಜ್ಜಿಗೆ ಬಿಡುವುದು ಕ್ಷೇಮ.